ಸಿಂಗಳೀಕ ಉಳಿದದ್ದು ಯಾರ ಕಾಡಿನಲ್ಲಿ?

ಜಗತ್ತಿನಲ್ಲಿ ಸಿಂಗಳೀಕ ಇರುವುದು ಪಶ್ಚಿಮಘಟ್ಟದಲ್ಲಿ ಮಾತ್ರ. ತಮಿಳುನಾಡಿನ ಕಳಕ್ಕಾಡು ಬೆಟ್ಟಗಳಿಂದ ಮೊದಲಾಗಿ ಆನೆಮಲೆ, ನೆಲ್ಲಿಯಾಂಪತಿ, ಸೈಲೆಂಟ್ ವ್ಯಾಲಿ ದಾಟಿ, ನಮ್ಮ ಕುದುರೆಮುಖ, ಆಗುಂಬೆಯ ಕಾಡುಗಳನ್ನು ಹಾದು, ಉತ್ತರ ಕನ್ನಡದ ಶರಾವತಿ, ಅಘನಾಶಿನಿ ಕಣಿವೆಗಳಿಗೆ ಬರುವ ಹೊತ್ತಿಗೆ ಅದರ ನಾಡು ಮುಗಿಯುತ್ತದೆ. ಎಲ್ಲ ಸೇರಿ ಮೂರೂವರೆಯಿಂದ ನಾಲ್ಕು ಸಾವಿರ ಇರಬಹುದೆಂಬ ಅಂದಾಜಿದೆ. ಅವೂ ಒಂದೆಡೆ ಇಲ್ಲ; ಚಹಾ ತೋಟ, ಅಣೆಕಟ್ಟು, ಹೆದ್ದಾರಿಗಳು ಕತ್ತರಿಸಿಹಾಕಿದ ಹತ್ತಾರು ಕಾಡುಗಳಲ್ಲಿ ಹಂಚಿಹೋಗಿವೆ. ಈ ಹಂಚಿಕೆಯಲ್ಲಿ ಒಂದು ಸಂಗತಿ ಮಾತ್ರ, ಕಾಡುಪ್ರಾಣಿ ಉಳಿಯಬೇಕಾದರೆ ಮನುಷ್ಯ ಹೊರಗಿರಬೇಕು ಎಂಬ ನಮ್ಮ ರೂಢಿಯ ನಂಬಿಕೆಗೆ ಒಗ್ಗುವುದೇ ಇಲ್ಲ. ಈ ಶತಮಾನದ ಆರಂಭದಲ್ಲಿ ಸಂಶೋಧಕರಾದ ಮೇವಾ ಸಿಂಗ್ ಮತ್ತು ಹೊನ್ನವಳ್ಳಿ ಕುಮಾರ ಅವರು ಕರ್ನಾಟಕದ ಮಳೆಕಾಡುಗಳನ್ನು ಸುತ್ತಿ ಸಮೀಕ್ಷೆ ನಡೆಸಿದಾಗ, ಸಿಂಗಳೀಕಗಳ ಅತಿ ದೊಡ್ಡ ಅಖಂಡ ನೆಲೆಗಳಲ್ಲೊಂದು ಸಿಕ್ಕಿದ್ದು ಶಿರಸಿ, ಸಿದ್ದಾಪುರ, ಹೊನ್ನಾವರಗಳ ನಡುವಿನ ಮಾಮೂಲಿ ಅರಣ್ಯದಲ್ಲಿ. ಮೂವತ್ತಕ್ಕೂ ಹೆಚ್ಚು ಗುಂಪುಗಳು ಅಲ್ಲಿದ್ದವು. ಆ ಕಾಡು ಆಗ ಅಭಯಾರಣ್ಯವೂ ಅಲ್ಲ, ರಾಷ್ಟ್ರೀಯ ಉದ್ಯಾನವೂ ಅಲ್ಲ. ಅಡಿಕೆ ತೋಟದವರು ಸೊಪ್ಪು ತರುವ, ಕೂಲಿಯವರು ಉಪ್ಪಾಗೆ ಹಣ್ಣು ಕೊಯ್ಯುವ, ದನ ಮೇಯುವ, ಕಣಿವೆ ಕಣಿವೆಗೂ ನಾಲ್ಕು ಮನೆಗಳಿರುವ ಕಾಡು. ಇಂಥ ಕಡೆ ಸಿಂಗಳೀಕ ಹೇಗೆ ಉಳಿಯಿತು ಎಂಬ ಪ್ರಶ್ನೆಯನ್ನು ಬಿಟ್ಟು ಅದನ್ನು ಮುಂದೆ ಹೇಗೆ ಉಳಿಸುವುದು ಎಂದು ಯೋಚಿಸಹೊರಟರೆ ದಾರಿ ತಪ್ಪುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸರಕಾರ ತಪ್ಪುತ್ತಿರುವುದೂ ಅಲ್ಲೇ ಎಂಬುದು ನನ್ನ ವಾದ.

ಮೊದಲು ಪ್ರಾಣಿಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ಮೈಯೆಲ್ಲ ಹೊಳೆಯುವ ಕಪ್ಪು, ಮುಖದ ಸುತ್ತ ಬೂದು ಬಣ್ಣದ ಜಟೆ, ಬಾಲದ ತುದಿಗೊಂದು ಕುಚ್ಚು. ಹದಿನೈದಿಪ್ಪತ್ತು ಪ್ರಾಣಿಗಳ ಗುಂಪು. ಅದರಲ್ಲಿ ಬೆಳೆದ ಗಂಡು ಸಾಮಾನ್ಯವಾಗಿ ಒಂದೇ, ಹೆಚ್ಚೆಂದರೆ ಎರಡು ಮೂರು. ಬೆಳಗಾದರೆ ಗುಂಪು ಮರದ ನೆತ್ತಿಯಲ್ಲೇ ಹರಡಿಕೊಂಡು ಹೊರಡುತ್ತದೆ. ಒಂದು ಹೆಣ್ಣು ಒಣಗಿದ ಎಲೆಯ ಸುರುಳಿಯನ್ನು ಬಿಚ್ಚಿ ಹುಳ ಹುಡುಕುತ್ತಿದ್ದರೆ, ಇನ್ನೊಂದು ಕೊಳೆತ ಕೊಂಬೆಯ ತೊಗಟೆ ಕಿತ್ತು ಬೆರಳು ಹಾಕುತ್ತಿರುತ್ತದೆ, ಮತ್ತೊಂದು ಕೆನ್ನೆಯ ಚೀಲದಲ್ಲಿ ಹಣ್ಣು ತುಂಬಿಕೊಂಡು ಆಚೆಯ ಮರಕ್ಕೆ ಹಾರಿ ನೆಮ್ಮದಿಯಾಗಿ ತಿನ್ನಲು ಕೂರುತ್ತದೆ. ನೆಲಕ್ಕೆ ಇಳಿಯುವುದು ಅನಿವಾರ್ಯವಾದಾಗ ಮಾತ್ರ. ಎಲೆ ತಿಂದು ಅರಗಿಸಿಕೊಳ್ಳುವ ಹೊಟ್ಟೆ ಮುಸುವಗಳಿಗೆ ಇದೆ, ಸಿಂಗಳೀಕಕ್ಕಿಲ್ಲ. ಅದಕ್ಕೆ ವರ್ಷವಿಡೀ ಹಣ್ಣು, ಬೀಜ, ಹುಳಹುಪ್ಪಟೆ ಬೇಕು. ಒಂದು ತಿಂಗಳು ಅತ್ತಿ ಆಲಗಳ ಜಾತಿಯ ಮರ, ಇನ್ನೊಂದು ತಿಂಗಳು ಹಲಸು, ಮತ್ತೊಂದು ತಿಂಗಳು ಉಪ್ಪಾಗೆ ಅಥವಾ ರಾಮಪತ್ರೆಯ ಬಳಗದ ಮರ, ಹೀಗೆ ಸರದಿಯಲ್ಲಿ ಹಣ್ಣಾಗುವ ಹತ್ತಾರು ಜಾತಿಯ ಮರಗಳು ಒಂದೇ ಗುಂಪಿನ ಓಡಾಟದೊಳಗೆ ಸಿಗಬೇಕು. ಹಾಗಾಗಿ ಒಂದೊಂದು ಗುಂಪಿಗೆ ಕೆಲವು ಚದರ ಕಿಲೋಮೀಟರು ಕಾಡು ಬೇಕಾಗುತ್ತದೆ, ಅದೂ ಕೊಂಬೆಗೆ ಕೊಂಬೆ ತಾಗಿರುವ ಕಾಡು. ಸಂತಾನದ ಲೆಕ್ಕವೂ ನಿಧಾನದ್ದು. ಹೆಣ್ಣು ಮೊದಲ ಮರಿ ಹಾಕುವುದು ಆರು ವರ್ಷ ದಾಟಿದ ಮೇಲೆ, ಆಮೇಲೆ ಎರಡೂವರೆ ಮೂರು ವರ್ಷಕ್ಕೊಂದು. ಊರ ಮಂಗ ಇದಕ್ಕಿಂತ ಬೇಗ ತಾಯಾಗುತ್ತದೆ, ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಹೆರಬಲ್ಲದು. ಬೇಟೆಗೆ ಸಿಕ್ಕಿ ಗುಂಪಿನಿಂದ ನಾಲ್ಕು ಹೆಣ್ಣು ಹೋದರೆ ಊರ ಮಂಗದ ಗುಂಪು ಕೆಲವೇ ವರ್ಷಗಳಲ್ಲಿ ಚೇತರಿಸಿಕೊಳ್ಳಬಹುದು. ಸಿಂಗಳೀಕದ ಗುಂಪಿಗೆ ಒಂದು ತಲೆಮಾರೇ ಸಾಲದು.

ಇಷ್ಟು ಸೂಕ್ಷ್ಮವಾದ ಪ್ರಾಣಿ ಜನವಸತಿಯ ಕಾಡಿನಲ್ಲಿ ಉಳಿದದ್ದು ಆಕಸ್ಮಿಕವೇನಲ್ಲ. ಮಲೆನಾಡಿನಲ್ಲಿ ಕಾನು ಎನ್ನುವುದು ಯಾರೂ ಮುಟ್ಟದ ಕಾಡಲ್ಲ. ಜನ ತಮ್ಮ ಉಪಯೋಗಕ್ಕೇ ಕಾಯ್ದುಕೊಂಡ ನಿತ್ಯಹಸಿರು ಕಾಡು. ಕಾಳುಮೆಣಸು, ಬೈನೆ, ಜೇನು, ಎಲ್ಲಕ್ಕಿಂತ ಹೆಚ್ಚಾಗಿ ಬೇಸಿಗೆಯಲ್ಲಿ ಬತ್ತದ ನೀರು, ಇವು ಕಾನಿನಿಂದ ಬರುತ್ತಿದ್ದವು. 1801ರಲ್ಲಿ ಈ ಸೀಮೆಯನ್ನು ಸುತ್ತಿದ ಬ್ರಿಟಿಷ್ ಸಮೀಕ್ಷಕ ಬುಕಾನನ್, ಊರ ಕಾಡು ಊರದೇವರ ಸ್ವತ್ತೆಂದೂ ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲವೆಂದೂ ಜನ ಹೇಳುವುದನ್ನು ಬರೆದಿಟ್ಟಿದ್ದಾನೆ. ಸರಕಾರ ಕಾಡಿನ ಮೇಲೆ ಹಕ್ಕು ಸಾಧಿಸದಿರಲಿ ಎಂದು ಹೂಡಿದ ಉಪಾಯವಿದು ಎಂಬ ಅನುಮಾನವನ್ನೂ ಸೇರಿಸಿದ್ದಾನೆ. ಅನುಮಾನ ನಿಜವಿದ್ದರೂ ಇರಲಿ, ಆ ಉಪಾಯದಿಂದ ಕಾಡು ಉಳಿದದ್ದಂತೂ ಸುಳ್ಳಲ್ಲ. 1868ರಲ್ಲಿ ಬ್ರಿಟಿಷ್ ಸರಕಾರದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಬಗ್ಗೆಯೇ ಜಂಟಿ ವರದಿ ಬರೆಯುವ ಹೊತ್ತಿಗೆ ಸರಕಾರದ ಕಣ್ಣು ಅಲ್ಲಿ ಬಿದ್ದಾಗಿತ್ತು. ಮುಂದಿನ ನೂರು ವರ್ಷ ನಡೆದದ್ದನ್ನು ವಿವರವಾಗಿ ಹೇಳಬೇಕಿಲ್ಲ. ರೈಲು ಹಳಿಯ ಅಡಿಪಟ್ಟಿಗೆ, ಪ್ಲೈವುಡ್ಡಿಗೆ, ಕಾಗದಕ್ಕೆ ಕಾಡು ಹೋಯಿತು. ಕಡಿದಲ್ಲಿ ಸಾಲು ಸಾಲು ತೇಗ ಬಂತು. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತಾಗ, ಎದುರಿಗಿದ್ದ ಕೊಡಲಿ ಕಳ್ಳರದ್ದಾಗಿರಲಿಲ್ಲ, ಇಲಾಖೆಯ ಪರವಾನಗಿ ಪಡೆದವರದ್ದು. ಈ ಕಾಡಿನ ಕಾವಲುಗಾರ ಯಾರು, ಕಡಿಯುವವ ಯಾರು ಎಂಬ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರ, ಇಂದಿನ ಅಭಯಾರಣ್ಯದ ಬೋರ್ಡು ಹೇಳುವಷ್ಟು ಸರಳವಾಗಿಲ್ಲ.

ಹಾಗೆಂದು ಜನರಿದ್ದ ಕಡೆಯೆಲ್ಲ ಪ್ರಾಣಿ ಕ್ಷೇಮ ಎನ್ನುವುದು ಇನ್ನೊಂದು ತುದಿಯ ಭ್ರಮೆ. ಕೊಡಗಿನ ಬ್ರಹ್ಮಗಿರಿ, ಮಾಕುಟ್ಟದ ಕಡೆ ಒಳ್ಳೆಯ ಮಳೆಕಾಡಿದೆ. ಬ್ರಹ್ಮಗಿರಿ 1970ರ ದಶಕದಿಂದಲೇ ಅಭಯಾರಣ್ಯ. ಆದರೂ ಅಲ್ಲಿ ಸಿಂಗಳೀಕ ತೀರಾ ವಿರಳ. ಸಮೀಕ್ಷೆ ಮಾಡಿದವರು ಬೇಟೆಯನ್ನೇ ಮುಖ್ಯ ಕಾರಣವಾಗಿ ಕಂಡರು. ಶಿರಸಿ, ಹೊನ್ನಾವರದ ಕಡೆ ಮಂಗನ ಜಾತಿಯನ್ನು ಕೊಲ್ಲಲು ಹಿಂಜರಿಯುವ ಜನವೇ ಹೆಚ್ಚು. ಕಾಡಿನ ಗುಣ ಎರಡೂ ಕಡೆ ಒಂದೇ ಅಲ್ಲದಿರಬಹುದು, ಆದರೆ ಹೋಲಿಕೆ ಹೇಳುವುದು ಸ್ಪಷ್ಟ: ಕಾನೂನಿನ ಹಣೆಪಟ್ಟಿಗಿಂತ ಕಾಡಂಚಿನ ಜನರ ನಡವಳಿಕೆ ಸಿಂಗಳೀಕದ ಹಣೆಬರಹವನ್ನು ಹೆಚ್ಚು ನಿರ್ಧರಿಸಿದೆ. ಆ ನಡವಳಿಕೆ ಕೆಟ್ಟದ್ದೂ ಆಗಬಹುದು, ಒಳ್ಳೆಯದೂ ಆಗಬಹುದು, ದುಡ್ಡಿನ ಒತ್ತಡಕ್ಕೆ ಸಿಕ್ಕಿ ಒಳ್ಳೆಯದಿದ್ದದ್ದು ಕೆಡಲೂಬಹುದು.

ಕೆಟ್ಟದ್ದಕ್ಕೆ ಉದಾಹರಣೆ ಇದೇ ಕಾಡಿನಲ್ಲಿದೆ, ನನ್ನ ವಾದಕ್ಕೆ ಬರಬಹುದಾದ ಅತಿ ಗಟ್ಟಿ ಆಕ್ಷೇಪವೂ ಅದೇ. ಉಪ್ಪಾಗೆ ಮರ ಮಳೆಗಾಲದ ನಡುವೆ ಹಣ್ಣು ಬಿಡುತ್ತದೆ. ಹಳದಿಗೆ ತಿರುಗಿದ, ಗೆರೆಗೆರೆಯ ಕಾಯಿ. ಒಳಗೆ ಬೀಜದ ಸುತ್ತ ರಸಭರಿತ ತಿರುಳು, ಹೊರಗೆ ಹುಳಿ ಸಿಪ್ಪೆ. ಹಿಂದೆ ಮನೆಯ ಮಟ್ಟಿಗೆ ಇದರ ಉಪಯೋಗ ಇದ್ದದ್ದು ಅಡುಗೆಯ ಹುಳಿಗೆ, ಬೀಜದಿಂದ ತೆಗೆಯುವ ತುಪ್ಪಕ್ಕೆ. 1990ರ ದಶಕದಲ್ಲಿ ಈ ಸಿಪ್ಪೆಯ ಆಮ್ಲ ಮೈ ಇಳಿಸುತ್ತದೆಂಬ ಸುದ್ದಿ ಅಮೆರಿಕದ ಮಾರುಕಟ್ಟೆಯಲ್ಲಿ ಹಬ್ಬಿ ಬೆಲೆ ಒಮ್ಮೆಲೇ ಏರಿತು. (1998ರಲ್ಲಿ ಅಲ್ಲಿನದೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದು, ಇದನ್ನು ನುಂಗಿದವರೂ ಔಷಧವಿಲ್ಲದ ಬರೀ ಗುಳಿಗೆ ನುಂಗಿದವರೂ ಇಳಿಸಿದ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದಿತು. ಗುಳಿಗೆಯ ವ್ಯಾಪಾರಕ್ಕೆ ಅದರಿಂದ ಏನೂ ಆಗಲಿಲ್ಲ.) ಬೆಲೆ ಏರಿದ ಮೇಲೆ ಕಾಡಿನಲ್ಲಿ ನಡೆದದ್ದು ಪೈಪೋಟಿ. ಹಣ್ಣಾಗಲಿ ಎಂದು ಕಾದರೆ ಬೇರೆಯವರು ಕೊಯ್ದುಬಿಡುತ್ತಾರೆ. ಹಾಗಾಗಿ ಹಸಿರು ಕಾಯಿಗೇ ಕೈ ಹಾಕಿದರು, ಕೈಗೆಟುಕದಿದ್ದರೆ ಕೊಂಬೆಯನ್ನೇ ಕಡಿದು ಕೆಡವಿದರು. ಜುಲೈ ತಿಂಗಳ ಆ ಮಳೆಯಲ್ಲಿ ಸಿಪ್ಪೆ ಬಿಸಿಲಿಗೆ ಒಣಗುವುದಿಲ್ಲ; ಒಲೆಯ ಮೇಲೆ ಅಟ್ಟ ಕಟ್ಟಿ ಹೊಗೆ ಹಾಕಬೇಕು, ಅದಕ್ಕೆ ಹೊರೆಗಟ್ಟಲೆ ಸೌದೆ ಮತ್ತೆ ಅದೇ ಕಾಡಿನಿಂದ. ಸಿಂಗಳೀಕದ ಮಳೆಗಾಲದ ಆಹಾರಕ್ಕೂ ಅದರ ದಾರಿಯ ಕೊಂಬೆಗಳಿಗೂ ಒಟ್ಟಿಗೇ ಕುತ್ತು ಬಂತು. ಜನರಿಂದಲೇ ಕಾಡಿಗೆ ಕೇಡು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದರೆ ಈ ಸಾಕ್ಷಿಯನ್ನು ಇನ್ನಷ್ಟು ಕೆದಕಿದರೆ ಬೇರೆ ಚಿತ್ರ ಹೊರಡುತ್ತದೆ. ಮನುಷ್ಯನಿಗೆ ಬೇಕಿರುವುದು ಸಿಪ್ಪೆ, ಮಂಗಕ್ಕೆ ಬೇಕಿರುವುದು ತಿರುಳು. ಹಣ್ಣು ಮಾಗುವವರೆಗೆ ಕಾದರೆ ಇಬ್ಬರಿಗೂ ಪಾಲು ಸಿಗುತ್ತದೆ. ಮಾಗಿದ ಹಣ್ಣಿನ ಸಿಪ್ಪೆ ದಪ್ಪವಾಗಿರುತ್ತದೆ, ತೂಕವೂ ಹೆಚ್ಚು. ಅಂದರೆ ಇಲ್ಲಿ ಜಗಳ ಮನುಷ್ಯನಿಗೂ ಮಂಗಕ್ಕೂ ಅಲ್ಲ, ಕಾಯಲು ಧೈರ್ಯವಿಲ್ಲದ ಮನುಷ್ಯ ಮನುಷ್ಯರ ನಡುವೆ. ಆ ಧೈರ್ಯ ಯಾಕಿಲ್ಲ? ಮರವು ಕಾಯಿ ಕೊಯ್ಯುವವರದ್ದಲ್ಲ. ಕಿರು ಅರಣ್ಯ ಉತ್ಪನ್ನ ಸಂಗ್ರಹದ ಹಕ್ಕನ್ನು ಇಲಾಖೆ ಟೆಂಡರು ಕರೆದು ಅಲ್ಪಾವಧಿಗೆ ಕೊಡುತ್ತದೆ. ಗುತ್ತಿಗೆ ಹಿಡಿದವನಿಗೆ ಈ ವರ್ಷದ ಫಸಲು ಮುಖ್ಯ, ಹತ್ತು ವರ್ಷದ ನಂತರ ಮರ ಇರುತ್ತದೋ ಇಲ್ಲವೋ ಅವನ ಚಿಂತೆಯಲ್ಲ. ಕೊಯ್ಯುವ ಕೂಲಿಗೆ ಕಿಲೋ ಲೆಕ್ಕದ ದುಡ್ಡು. ಇಡೀ ವ್ಯವಸ್ಥೆಯಲ್ಲಿ ಮರವನ್ನು ಉಳಿಸಿದರೆ ಲಾಭ ಪಡೆಯುವವರು ಒಬ್ಬರೂ ಇಲ್ಲ. ಅದೇ ಮನುಷ್ಯ ತನ್ನ ಸೊಪ್ಪಿನ ಬೆಟ್ಟದಲ್ಲಿರುವ ಉಪ್ಪಾಗೆ ಮರದ ಕೊಂಬೆಯನ್ನು ಅಷ್ಟು ಸುಲಭಕ್ಕೆ ಕಡಿಯುವುದಿಲ್ಲ, ಬರುವ ವರ್ಷವೂ ಅದು ತನ್ನದೇ ಎಂದು ಗೊತ್ತಿರುವುದರಿಂದ. ಉಪ್ಪಾಗೆಯ ಹಾಳು ಜನ ಕಾಡಿನಲ್ಲಿದ್ದುದರ ಫಲ ಎನ್ನುವುದಕ್ಕಿಂತ, ಕಾಡಿನಲ್ಲಿದ್ದೂ ಅದರ ಮೇಲೆ ಅವರಿಗೆ ಖಾತ್ರಿಯ ಹಕ್ಕಿಲ್ಲದಿದ್ದುದರ ಫಲ ಎನ್ನುವುದೇ ಸರಿ. ಸೌದೆ ಕಡಿಮೆ ತಿನ್ನುವ ಒಲೆ, ಮಾಗಿದ ಮೇಲೆ ಊರೇ ಕೂಡಿ ಗೊತ್ತುಮಾಡಿದ ದಿನ ಕೊಯ್ಲು, ಇಂಥವೆಲ್ಲ ಆ ಖಾತ್ರಿ ಇದ್ದರೆ ತಾವಾಗಿಯೇ ಬೇರೂರುತ್ತವೆ. ಇಲ್ಲದಿದ್ದರೆ ಎಷ್ಟು ತರಬೇತಿ ಶಿಬಿರ ನಡೆಸಿದರೂ ಬೇರೂರುವುದಿಲ್ಲ.

ಇದನ್ನು ಸರಕಾರ ಒಮ್ಮೆ ಅರ್ಧ ಅರ್ಥಮಾಡಿಕೊಂಡಿತ್ತು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು, ಸುಮಾರು 300 ಚದರ ಕಿಲೋಮೀಟರು. 2002ರ ತಿದ್ದುಪಡಿಯಲ್ಲಿ ವನ್ಯಜೀವಿ ಕಾಯ್ದೆಗೆ ಸೇರಿದ ಈ ಬಗೆಯ ಮೀಸಲಿನಲ್ಲಿ ಅಲ್ಲಿರುವವರ ಹಕ್ಕುಗಳು ಹಾಗೇ ಇರುತ್ತವೆ, ಘೋಷಣೆಗೆ ಮುಂಚೆ ಅವರೊಡನೆ ಸಮಾಲೋಚಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು ಕೂರಬೇಕು. ಮಲೆನಾಡಿಗೆ ಹೊಂದುವ ಚೌಕಟ್ಟು ಅದು. ಅದಕ್ಕೆ ನೆತ್ತರು ಮಾಂಸ ತುಂಬುವ ಬದಲು 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯವನ್ನೂ ಈ ಮೀಸಲನ್ನೂ ಸುತ್ತಲ ಇನ್ನಷ್ಟು ಅರಣ್ಯವನ್ನೂ ಒಟ್ಟು ಮಾಡಿ 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ಎಂದರು. ನಕ್ಷೆಯ ಮೇಲೆ ಇದು ದೊಡ್ಡ ಗೆಲುವು. ಕಾಡಿನೊಳಗಿನ ಊರುಗಳಿಗೆ ಮಾತ್ರ ಹೊಸ ಭಯ: ನಾಳೆ ಸೊಪ್ಪಿಗೆ ಹೋದರೆ ಕೇಸೇ, ರಸ್ತೆ ರಿಪೇರಿಗೂ ದಿಲ್ಲಿಯ ಅಪ್ಪಣೆಯೇ? ಅರಣ್ಯ ಹಕ್ಕು ಕಾಯ್ದೆ ಈ ಭಯ ಕಳೆಯಬೇಕಿತ್ತು. ಕಿರುಉತ್ಪನ್ನದ ಮೇಲೆ ಸಮುದಾಯದ ಹಕ್ಕನ್ನೂ, ಕಾಡನ್ನು ಕಾಯುವ ಹಕ್ಕನ್ನೂ 2006ರ ಆ ಕಾಯ್ದೆ ಒಪ್ಪುತ್ತದೆ. ಆದರೆ ಪರಿಶಿಷ್ಟ ಪಂಗಡದಲ್ಲಿ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳಿಂದ ಅಲ್ಲಿದ್ದುದಕ್ಕೆ ಸಾಕ್ಷ್ಯ ಕೊಡಬೇಕು. ಕರಾವಳಿ ತಪ್ಪಲಿನ ಹಾಲಕ್ಕಿ ಒಕ್ಕಲಿಗರಂಥ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಕಾಗದವನ್ನೇ ಕಾಣದ ಅಜ್ಜನ ಕಾಲಕ್ಕೆ ಕಾಗದದ ಸಾಕ್ಷಿ ಎಲ್ಲಿಂದ ತರುವುದು? ಜಿಲ್ಲೆಯಲ್ಲಿ ಅರ್ಜಿಗಳು ರಾಶಿಗಟ್ಟಲೆ ತಿರಸ್ಕೃತವಾಗಿವೆ. ಗುರುತಿಲ್ಲದ ಜನ ಕಾಡನ್ನು ಕಾಯಲಿ ಎಂದು ಕೇಳುವುದಕ್ಕೆ ನಮಗೆ ಯಾವ ಮುಖವಿದೆ?

ಇಷ್ಟು ಬಿಗಿಯಾದ ಅದೇ ಅಭಯಾರಣ್ಯದ ನಡುವೆ ಈಗ 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಂದು ನಿಂತಿದೆ. ತಲಕಳಲೆ ಮೇಲಿನ ಜಲಾಶಯ, ಗೇರುಸೊಪ್ಪೆ ಕೆಳಗಿನದು. ನಡುವೆ ಬೆಟ್ಟ ಕೊರೆದು ಸುರಂಗ, ನೆಲದಡಿಯಲ್ಲಿ ವಿದ್ಯುದಾಗಾರ. ಕರೆಂಟು ಹೆಚ್ಚಿದ್ದಾಗ ನೀರನ್ನು ಮೇಲಕ್ಕೆತ್ತಿ, ಕರೆಂಟು ಬೇಕಾದಾಗ ಕೆಳಕ್ಕೆ ಬಿಡುವುದು. ರಾಜ್ಯ ವನ್ಯಜೀವಿ ಮಂಡಳಿ 2025ರಲ್ಲಿ ಯೋಜನೆಯ ಪರ ನಿಂತಿತು. ಅದೇ ವರ್ಷ ನಡೆದ ಸಾರ್ವಜನಿಕ ಅಹವಾಲುಗಳಲ್ಲಿ ಸ್ಥಳೀಯರ ವಿರೋಧ ಜೋರಾಗಿತ್ತು. ಯೋಜನೆಯವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಾವಗಡದಂಥ ಸೌರ ಪಾರ್ಕುಗಳಿಂದ ಮಧ್ಯಾಹ್ನ ಬೇಕಾದಷ್ಟು ಕರೆಂಟು ಬರುತ್ತದೆ, ಸಂಜೆ ಊರೆಲ್ಲ ದೀಪ ಹಚ್ಚುವ ಹೊತ್ತಿಗೆ ಸೂರ್ಯ ಇರುವುದಿಲ್ಲ. ಹೆಚ್ಚಾದದ್ದನ್ನು ಕೂಡಿಡದಿದ್ದರೆ ಮತ್ತೆ ಕಲ್ಲಿದ್ದಲೇ ಗತಿ, ಕಲ್ಲಿದ್ದಲಿನ ಹೊಗೆಯಿಂದ ಬಿಸಿಯೇರಿದ ಹವೆ ಸಿಂಗಳೀಕದ ಕಾಡನ್ನೂ ಬಿಡುವುದಿಲ್ಲ. ಜಲಾಶಯಗಳು ಈಗಾಗಲೇ ಇವೆ, ಹೊಸ ಮುಳುಗಡೆಯಿಲ್ಲ, ಬೇಕಿರುವ ಕಾಡು ಐವತ್ತು ಚಿಲ್ಲರೆ ಹೆಕ್ಟೇರು ಮಾತ್ರ. 930 ಚದರ ಕಿಲೋಮೀಟರಿನಲ್ಲಿ ಅದು ಸಾಸಿವೆ ಕಾಳಿನಷ್ಟೂ ಅಲ್ಲ ಎನ್ನುತ್ತಾರೆ.

ಸಾಸಿವೆಯ ಲೆಕ್ಕ ವಿಸ್ತೀರ್ಣದ್ದು. ಮರದ ಮೇಲೆ ಬದುಕುವ ಪ್ರಾಣಿಗೆ ವಿಸ್ತೀರ್ಣಕ್ಕಿಂತ ಮುಖ್ಯವಾದದ್ದು ಕಡಿತ ಎಲ್ಲಿ ಬೀಳುತ್ತದೆ ಎಂಬುದು. ಸುರಂಗ ನೆಲದಡಿ ಹೋಗಬಹುದು. ಅದನ್ನು ಕೊರೆಯುವ ಯಂತ್ರ, ಲಾರಿ, ಸಿಮೆಂಟು ಆಕಾಶಮಾರ್ಗದಲ್ಲಿ ಬರುವುದಿಲ್ಲ. ಅವಕ್ಕೆ ಅಗಲದ ರಸ್ತೆ ಬೇಕು, ಅಗೆದ ಕಲ್ಲುಮಣ್ಣಿಗೆ ಸುರಿಯುವ ಜಾಗ ಬೇಕು, ಕರೆಂಟು ಸಾಗಿಸುವ ತಂತಿಯ ಕೆಳಗೆ ಮರವಿಲ್ಲದ ಪಟ್ಟಿ ಬೇಕು. ಐವತ್ತು ಹೆಕ್ಟೇರು ಒಂದೇ ಮೂಲೆಯಲ್ಲಿ ಚೌಕವಾಗಿ ಹೋದರೆ ಒಂದು ಗುಂಪಿನ ಒಂದು ಬದಿ ಹೋದೀತು. ಅದೇ ಐವತ್ತು ಹೆಕ್ಟೇರು ಉದ್ದದ ಪಟ್ಟಿಗಳಾಗಿ ಹೋದರೆ ಆಚೀಚೆಯ ಗುಂಪುಗಳು ಮತ್ತೆಂದೂ ಕೂಡುವುದಿಲ್ಲ. ಅಸ್ಸಾಮಿನ ಹೊಲ್ಲೊಂಗಾಪಾರ್ ಗಿಬ್ಬನ್ ಅಭಯಾರಣ್ಯ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಭಾರತದ ವಾನರರಲ್ಲಿ ಬಾಲವಿಲ್ಲದ ಹೂಲಾಕ್ ಗಿಬ್ಬನ್ ಅಲ್ಲಿರುವುದು 21 ಚದರ ಕಿಲೋಮೀಟರಿನ ಸಣ್ಣ ಕಾಡಿನಲ್ಲಿ. ಬ್ರಿಟಿಷರ ಕಾಲದ ರೈಲು ಹಳಿಯೊಂದು ಅದನ್ನು ಎರಡಾಗಿ ಸೀಳಿದೆ. ಹಳಿ ತಿಂದ ಜಾಗ ಲೆಕ್ಕಕ್ಕಿಲ್ಲದಷ್ಟು. ಆದರೂ ಚಿಕ್ಕ ಭಾಗದಲ್ಲಿ ಸಿಕ್ಕಿಬಿದ್ದ ಗಿಬ್ಬನ್ ಕುಟುಂಬಗಳಿಗೆ ಆಚೆ ದಾಟುವ ದಾರಿ ಮುಚ್ಚಿತು, ಅದನ್ನು ಮತ್ತೆ ತೆರೆಯಲು ದಶಕಗಳಿಂದ ಸೇತುವೆ, ಗಿಡ ನೆಡುವಿಕೆ ಎಂದು ಪರದಾಟ ನಡೆದೇ ಇದೆ. ನಮ್ಮಲ್ಲಿ ಹೊನ್ನಾವರ-ಸಾಗರ ಹೆದ್ದಾರಿ ಹಾದುಹೋಗುವ ಕತ್ತಲೆಕಾನು ಇನ್ನೂ ಹೆಚ್ಚು ನಾಜೂಕು. ರಾಮಪತ್ರೆ ಬಳಗದ ಮರಗಳು ನೀರಲ್ಲಿ ಬೇರು ಎತ್ತಿ ನಿಂತ ಜೌಗು ಕಾಡದು. 2000ದಲ್ಲಿ ವಿಜ್ಞಾನಕ್ಕೆ ಹೊಸದಾಗಿ ಸಿಕ್ಕಿದ ಒಂದು ಮರಕ್ಕೆ ಆ ಕಾನಿನ ಹೆಸರನ್ನೇ ಇಟ್ಟಿದ್ದಾರೆ. ತೊರೆಯ ಹರಿವು ಕೊಂಚ ತಪ್ಪಿದರೂ ಜೌಗು ಒಣಗುತ್ತದೆ. ಒಣಗಿದ ಮೇಲೆ ಎಷ್ಟು ಹೆಕ್ಟೇರಿನಲ್ಲಿ ಪರ್ಯಾಯ ಸಸಿ ನೆಟ್ಟರೂ ಜೌಗು ಹುಟ್ಟುವುದಿಲ್ಲ.

ಸಣ್ಣ ತುಂಡು ಎಂಬ ವಾದ ಹೊಸದೂ ಅಲ್ಲ. 1970ರ ದಶಕದಲ್ಲಿ ಕೇರಳದ ಸೈಲೆಂಟ್ ವ್ಯಾಲಿಯ ಕುಂತಿಪ್ಪುಳ ನದಿಗೆ ಅಣೆಕಟ್ಟು ಕಟ್ಟಹೊರಟಾಗ ಮುಳುಗುವ ಕಾಡು ಎಂಟು ಚದರ ಕಿಲೋಮೀಟರಿನ ಆಸುಪಾಸು ಮಾತ್ರ ಎಂದೇ ಸಮರ್ಥನೆ ಬಂದಿತ್ತು, ಒಂದು ಕಪ್ಪು ಮಂಗಕ್ಕಾಗಿ ಮಲಬಾರನ್ನು ಕತ್ತಲಲ್ಲಿಡುವುದೇ ಎಂಬ ಮೂದಲಿಕೆಯೂ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಶಾಲಾ ಮೇಷ್ಟ್ರುಗಳು ಯೋಜನೆಯ ವಿದ್ಯುತ್ ಲೆಕ್ಕವನ್ನೇ ಬಿಡಿಸಿ ಪ್ರಶ್ನಿಸಿದರು, ಕವಿಗಳು ಬೀದಿಗಿಳಿದರು, ಪಕ್ಷಿತಜ್ಞ ಸಾಲಿಂ ಅಲಿಯವರಂಥವರು ದನಿಗೂಡಿಸಿದರು. 1983ರಲ್ಲಿ ಯೋಜನೆ ಬಿದ್ದುಹೋಯಿತು, 1984ರಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು. ಕೇರಳ ಕತ್ತಲಲ್ಲಿ ಮುಳುಗಲಿಲ್ಲ. ಶರಾವತಿಯ ವಿಷಯದಲ್ಲೂ ಕೇಳಬೇಕಾದ್ದು ಅದೇ ಬಗೆಯ ಪ್ರಶ್ನೆ: ಕರೆಂಟು ಕೂಡಿಡುವುದು ಬೇಕು, ಸರಿ, ಅದು ಇಲ್ಲೇ ಆಗಬೇಕೆ? ಮೇಲೊಂದು ಕೆಳಗೊಂದು ಕೊಳವಿದ್ದರೆ ಪಂಪ್ಡ್ ಸ್ಟೋರೇಜ್ ನಡೆಯುತ್ತದೆ, ನದಿಯೇ ಬೇಕೆಂದಿಲ್ಲ. ಆಂಧ್ರದ ಪಿನ್ನಾಪುರದಲ್ಲಿ ನದಿಯಿಂದ ದೂರದ ಒಣ ಬಂಡೆನೆಲದಲ್ಲಿ ಕೊಳ ಕಟ್ಟಿ ಇದನ್ನೇ ಮಾಡಿದ್ದಾರೆ. ಬ್ಯಾಟರಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಮೇಲಕ್ಕೆತ್ತಿದ ನೂರು ಯೂನಿಟ್ಟಿಗೆ ವಾಪಸು ಬರುವುದು ಎಪ್ಪತ್ತೈದೋ ಎಂಬತ್ತೋ ಯೂನಿಟ್ಟು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಂದು ಮಾತು: ಈ ಕಣಿವೆ ನಾಡಿಗೆ ಬೆಳಕು ಕೊಡಲು ಒಮ್ಮೆ ಮುಳುಗಿದೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮನೆಮಠ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಸೊಪ್ಪಿನ ಹೊರೆಗೆ ಕಾನೂನು ತೋರಿಸುವ ಅದೇ ಸರಕಾರ ಸುರಂಗಕ್ಕೆ ಕಾನೂನಿನಲ್ಲೇ ದಾರಿ ಹುಡುಕಿದರೆ, ಸಂರಕ್ಷಣೆ ಎನ್ನುವುದು ಬಡವರಿಗೆ ಮಾತ್ರ ಅನ್ವಯಿಸುವ ಶಿಸ್ತು ಎಂದು ಕಾಡಿನ ಜನ ತಿಳಿಯುವುದರಲ್ಲಿ ತಪ್ಪೇನಿದೆ? ಹಾಗೆ ತಿಳಿದವರು ಸಿಂಗಳೀಕವನ್ನು ಕಾಯುವುದಿಲ್ಲ. ಅದು ಬಂದದ್ದರಿಂದಲೇ ತಮಗೆ ಕಷ್ಟ ಬಂತೆಂದು ಅದನ್ನು ದ್ವೇಷಿಸತೊಡಗುತ್ತಾರೆ.

ತುಂಡು ಕಾಡಿನಲ್ಲೂ ಸಿಂಗಳೀಕ ಬದುಕುತ್ತದಲ್ಲ ಎನ್ನುವವರು ತಮಿಳುನಾಡಿನ ವಾಲ್ಪಾರೈ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಚಹಾ, ಕಾಫಿ ತೋಟಗಳ ನಡುವಿನ ಪುದುತೊಟ್ಟಂ ಎಂಬ ಒಂದು ಚದರ ಕಿಲೋಮೀಟರಿಗೂ ಕಡಿಮೆಯ ಕಾಡಿನಲ್ಲಿ ಸಿಂಗಳೀಕಗಳ ಸಂಖ್ಯೆ ಕೆಲವು ದಶಕಗಳಲ್ಲಿ ಹಲವು ಪಟ್ಟು ಹೆಚ್ಚಿದೆ, ನಿಜ. ಆದರೆ ಆ ಬದುಕು ಎಂಥದ್ದು? ಕೊಂಬೆ ಕೂಡದ ಕಡೆ ನೆಲಕ್ಕಿಳಿದು ರಸ್ತೆ ದಾಟುತ್ತವೆ, ವಾಹನಕ್ಕೆ ಸಿಕ್ಕಿ ಸಾಯುತ್ತವೆ. ಮನೆಗಳಿಗೆ ನುಗ್ಗಿ ಅಡುಗೆಮನೆಯಲ್ಲಿ ಹುಡುಕಾಡುತ್ತವೆ. ಪಕ್ಕದ ಕಾಡಿಗೆ ಹೋಗಲಾರದ ಗಂಡುಗಳು ಅಲ್ಲೇ ಉಳಿದು, ಹೊಸ ರಕ್ತ ಬರುವ ದಾರಿಯೂ ಕಟ್ಟಿಹೋಗಿದೆ. ಮೈಸೂರಿನ ನಿಸರ್ಗ ಸಂರಕ್ಷಣಾ ಪ್ರತಿಷ್ಠಾನದವರು ಬೆಂಕಿ ಆರಿಸುವ ಹಳೆಯ ಹೋಸುಗಳನ್ನು ಮರದಿಂದ ಮರಕ್ಕೆ ಕಟ್ಟಿ ತೂಗುಸೇತುವೆ ಮಾಡಿಕೊಟ್ಟ ಮೇಲೆ, ಕಾವಲಿನವರು ವಾಹನಗಳನ್ನು ನಿಲ್ಲಿಸತೊಡಗಿದ ಮೇಲೆ ರಸ್ತೆಯ ಸಾವು ಕಡಿಮೆಯಾಯಿತು. ಮೆಚ್ಚತಕ್ಕ ಕೆಲಸ. ಆದರೆ ಅದು ಕಾಡು ಹೋದ ಮೇಲಿನ ಶುಶ್ರೂಷೆ. ಇನ್ನೂ ಹೋಗದ ಕಾಡನ್ನು ಅದರ ಧೈರ್ಯದ ಮೇಲೆ ಕಡಿಯಬಹುದೆಂದು ವಾದಿಸುವುದು ವಿಚಿತ್ರ. ಮೃಗಾಲಯಗಳಲ್ಲಿ ಸಿಂಗಳೀಕದ ಸಂತಾನ ಬೆಳೆಸುತ್ತಿದ್ದಾರೆ ಎಂಬುದೂ ಇಂಥದೇ ಸಮಾಧಾನ. ಯಾವ ತಿಂಗಳಲ್ಲಿ ಯಾವ ಕಣಿವೆಯ ಯಾವ ಮರ ಹಣ್ಣಾಗುತ್ತದೆಂಬುದನ್ನು ಮರಿ ಕಲಿಯುವುದು ತಾಯಿಯ ಹಿಂದೆ ಓಡಾಡಿ. ಅದನ್ನು ಪಂಜರದಲ್ಲಿ ಕಲಿಸುವವರಿಲ್ಲ.

ಮಲೆನಾಡಿನ ರೈತರ ಆಕ್ಷೇಪ ಇವೆಲ್ಲಕ್ಕಿಂತ ಬೇರೆ, ಅದನ್ನು ಪೇಟೆಯ ಪರಿಸರವಾದಿಗಳು ಸರಿಯಾಗಿ ಕೇಳಿಸಿಕೊಂಡಿಲ್ಲ. ಎಳನೀರು, ಬಾಳೆ, ಏಲಕ್ಕಿ, ಕೊನೆಗೆ ಅಡಿಕೆಯ ಎಳೆಗಾಯಿಯನ್ನೂ ಬಿಡದೆ ಹಾಳುಮಾಡುವ ಮಂಗಗಳ ಹಾವಳಿಯಲ್ಲಿ ಬೆಂದವರಿಗೆ ಮಂಗ ಉಳಿಸಿ ಎಂದರೆ ರೇಗುವುದು ಸಹಜ. ಮಂಗಗಳನ್ನು ಹಿಡಿದು ಒಂದೆಡೆ ಬಿಡುವ ಮಂಕಿ ಪಾರ್ಕಿನ ಬೇಡಿಕೆ ಹುಟ್ಟಿದ್ದು ಈ ಬೇಗೆಯಿಂದಲೇ. ತೋಟಕ್ಕೆ ಇಳಿಯುವುದು ಬಹುಪಾಲು ಕೆಂಪು ಮೋರೆಯ ಊರ ಮಂಗ, ಕೆಲವೆಡೆ ಮುಸುವ. ಸಿಂಗಳೀಕ ಕಾನು ಬಿಟ್ಟು ಬರುವುದು ಅಪರೂಪ. ಇಲ್ಲಿಗೆ ವಾದ ಮುಗಿಸಬಹುದಿತ್ತು, ಆದರೆ ಊರ ಮಂಗದ ಕತೆಯೂ ಅಷ್ಟು ನೇರವಾಗಿಲ್ಲ. ಮೈಸೂರು ಸುತ್ತಿನ ರಸ್ತೆಗಳಲ್ಲಿ ಮೇವಾ ಸಿಂಗ್ ಮತ್ತು ಸಂಗಡಿಗರು 1989ರಿಂದ ಎಣಿಸುತ್ತ ಬಂದ ಮಂಗಗಳ ಗುಂಪುಗಳು ಒಂದೊಂದಾಗಿ ಕಾಣೆಯಾದವು. ರಸ್ತೆ ಅಗಲಿಸಲು ಸಾಲುಮರದ ಆಲ, ಅತ್ತಿ, ಗೋಣಿಗಳನ್ನು ಕಡಿದದ್ದು ಮುಖ್ಯ ಕಾರಣ. ಎಲ್ಲೆಲ್ಲೂ ಇದೆ ಎಂದುಕೊಂಡ ಈ ಮಂಗವನ್ನೂ ಈಗ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜೀವಿಗಳ ಸಾಲಿಗೆ ಸೇರಿಸಿದ್ದಾರೆ. ರಸ್ತೆ ಬದಿಯಲ್ಲಿ ಅತ್ತಿ ಹಣ್ಣು ಇಲ್ಲವಾದರೆ ಮಂಗ ಹೋಗುವುದು ಎಲ್ಲಿಗೆ? ತೋಟದಲ್ಲಿ ಹೆಚ್ಚಾಯಿತು ಎಂದು ನಮಗೆ ಅನಿಸುವುದಕ್ಕೂ ನಾಡಿನಲ್ಲಿ ಒಟ್ಟಾರೆ ಕಡಿಮೆಯಾಯಿತು ಎಂಬುದಕ್ಕೂ ವಿರೋಧವಿಲ್ಲ. ಬೆಳೆಹಾನಿಗೆ ಈಗ ಸಿಗುವ ಪರಿಹಾರ ಕಚೇರಿಯ ಖರ್ಚಿಗೂ ಸಾಲದು ಎಂಬ ರೈತರ ದೂರನ್ನು ಸರಿಪಡಿಸದೆ ಯಾವ ವಾನರದ ಪರವಾಗಿ ಮಾತಾಡಿದರೂ ಅವರಿಗೆ ಅದು ಹೊಟ್ಟೆ ತುಂಬಿದವರ ಮಾತಾಗಿಯೇ ಕೇಳಿಸುತ್ತದೆ.

ಹಾಗಾದರೆ ಅಭಯಾರಣ್ಯವನ್ನು ರದ್ದುಮಾಡಬೇಕೇ? ಬೇಡ. ಸುರಂಗದಂಥದ್ದರ ಎದುರು ಕೋರ್ಟಿನಲ್ಲಿ ನಿಲ್ಲಲು ಆ ಹಣೆಪಟ್ಟಿಯೊಂದೇ ಸದ್ಯಕ್ಕಿರುವ ಆಸರೆ. ಆದರೆ ಅದರೊಳಗಿನ ಊರುಗಳಿಗೆ 2011ರ ಮೀಸಲು ಮಾತು ಕೊಟ್ಟಿದ್ದ ಪಾಲನ್ನು ವಾಪಸು ಕೊಡಬೇಕು. ಉಪ್ಪಾಗೆಯ ಟೆಂಡರನ್ನು ನಿಲ್ಲಿಸಿ, ಕಣಿವೆಯ ಒಂದೊಂದು ಭಾಗವನ್ನು ಒಂದೊಂದು ಗ್ರಾಮಸಭೆಗೆ ದೀರ್ಘಾವಧಿಗೆ, ಕನಿಷ್ಠ ಒಂದು ಮರ ಸಸಿಯಿಂದ ಫಲಕ್ಕೆ ಬರುವಷ್ಟು ಕಾಲಕ್ಕೆ, ಬಿಟ್ಟುಕೊಡಬೇಕು. ಕೊಯ್ಲಿನ ದಿನವನ್ನು ಅವರೇ ಗೊತ್ತುಮಾಡಲಿ, ಕೊಂಬೆ ಕಡಿದವನಿಗೆ ದಂಡವನ್ನೂ ಅವರೇ ಹಾಕಲಿ. ಅರಣ್ಯ ಹಕ್ಕಿನ ಅರ್ಜಿಗಳಲ್ಲಿ ಕಾಗದವಿಲ್ಲದವರ ಪರವಾಗಿ ಊರ ಹಿರಿಯರ ಹೇಳಿಕೆಯನ್ನು ಸಾಕ್ಷ್ಯವಾಗಿ ಒಪ್ಪಲು ನಿಯಮಗಳಲ್ಲೇ ಅವಕಾಶವಿದೆ, ಅದನ್ನು ಬಳಸುವ ಮನಸ್ಸು ಬೇಕು. ಕೊಡಗಿನಂಥ ಕಡೆ ಬೇಟೆಯ ವಿಷಯದಲ್ಲಿ ಮಾತ್ರ ಯಾವ ಮುಲಾಜೂ ಬೇಡ. ಅಲ್ಲಿ ಇಲಾಖೆಯ ಬಂದೂಕಿಗೂ ಕೆಲಸವಿದೆ. ಸಿಂಗಳೀಕದ ಮುಂದಿನ ಗಣತಿಯಲ್ಲಿ ಗುಂಪುಗಳ ಜೊತೆಗೆ ಎಷ್ಟು ಉಪ್ಪಾಗೆ ಮರದ ನೆತ್ತಿ ಮೊಂಡಾಗಿದೆ, ಯಾವ ರಸ್ತೆಯ ಮೇಲೆ ಎಲ್ಲಿ ಕೊಂಬೆ ಕೂಡಿಲ್ಲ ಎಂಬುದನ್ನೂ ಪಟ್ಟಿ ಮಾಡಬೇಕು. ಆ ಪಟ್ಟಿಯನ್ನು ಮೊದಲು ಭರ್ತಿ ಮಾಡಬಲ್ಲವರು ಮಳೆಗಾಲದಲ್ಲಿ ಆ ಮರ ಹತ್ತುವವರೇ. ಆ ಕೆಲಸಕ್ಕೆ ಅವರಿಗೆ ದಿನಗೂಲಿ ಕೊಡಲು ಪಂಪ್ಡ್ ಸ್ಟೋರೇಜಿನ ಸಾವಿರಾರು ಕೋಟಿಯ ಅಂದಾಜುಪಟ್ಟಿಯಲ್ಲಿ ಪರಿಸರ ನಿರ್ವಹಣೆಗೆಂದು ಎತ್ತಿಟ್ಟ ಬಾಬ್ತಿನ ಒಂದು ಚೂರೂ ಬೇಕಾಗಲಾರದು.